ಎತ್ತರದ ಕಾಲರಿನ ಅಂಗಿ

ಹೊಲಿಗೆಯಲ್ಲಿ ಪಳಗಿದ ಅಕ್ಕನ ಮಗಳಿಗೆ, ಕ್ಷೌರದಂಗಡಿ ಮಾವನ ಆಶೀರ್ವಾದ.

ನನ್ನ ಹೊಸ ಅಂಗಿಗೆ ಕಾಲರು ಹಾಕಿದ್ದರೆ ಬಿಚ್ಚಿಬಿಡು. ಕಾರಣ ಹೇಳುತ್ತೇನೆ.

ನಮ್ಮ ಬೀದಿಯವರೆಲ್ಲ ಒಂದೇ ಪಕ್ಷ ಎಂಬುದು ನಿನಗೆ ಗೊತ್ತು. ಈ ಸಲ ಎದುರು ಪಕ್ಷಕ್ಕೆ ಎರಡು ಓಟು ಬಿದ್ದಿವೆ. ಒಂದು ನನ್ನದು. ಬಾಯಿಬಿಟ್ಟೀಯೆ, ಜೋಕೆ! ಗೊತ್ತಾದರೆ ನನ್ನ ಕುರ್ಚಿಯಲ್ಲಿ ನೊಣವೂ ಕೂರುವುದಿಲ್ಲ. ಇನ್ನೊಂದು ಯಾರದು?

ಪತ್ತೆಹಚ್ಚಲು ನನ್ನದೇ ವಿದ್ಯೆಯಿದೆ. ಗಂಟಲ ಮೇಲೆ ಕತ್ತಿಯಿಟ್ಟು, "ಆ ಓಟು ಯಾರ್ದಿರ್ಬಹುದು ಅಣ್ಣಾ?" ಎನ್ನುತ್ತೇನೆ. ಕಳ್ಳನಾದರೆ ಉಗುಳು ನುಂಗಲೇಬೇಕು. ಬೀದಿಯ ಗಂಡಸರಿಗೆಲ್ಲ ಗಡ್ಡ ತೆಗೆದೆ, ಒಬ್ಬನೂ ನುಂಗಲಿಲ್ಲ.

ಮೊನ್ನೆ ನನ್ನ ಗಡ್ಡ ಹೆರೆದುಕೊಳ್ಳುವಾಗ ನಿನ್ನತ್ತೆ ಹಿಂದೆ ನಿಂತು, "ಓಟು ಹಾಕಿದೋರು ಸಿಕ್ಕಿದ್ರಾ?" ಎಂದಳು. ನಾನು ನುಂಗಿದೆ, ಕತ್ತಿ ತಾಗಿತು. ಹತ್ತಿ ಒತ್ತುತ್ತಾ ಅವಳು ಪಿಸುಗುಟ್ಟಿದಳು: "ನೀವೇನಾ? ನನ್ನ ಓಟಿಗೆ ಜೊತೆ ಯಾರಪ್ಪಾ ಅಂತ ತಲೆ ಕೆಡಿಸ್ಕೊಂಡಿದ್ದೆ!"

ಮನೆಯೊಳಗೆ ಈಗ ನಿಶ್ಚಿಂತೆ. ಅಂಗಡಿಯಲ್ಲಿ ಮಾತ್ರ ಗಿರಾಕಿಗಳು ನನ್ನ ವಿದ್ಯೆ ಕಲಿತುಬಿಟ್ಟಿದ್ದಾರೆ. ಕನ್ನಡಿಯಲ್ಲಿ ನನ್ನ ಗಂಟಲನ್ನೇ ದಿಟ್ಟಿಸುತ್ತಾ, "ಆ ಓಟು ಯಾರ್ದಿರ್ಬಹುದು ಮಾರಾಯಾ?" ಎಂದು ಕೇಳುತ್ತಾರೆ.

ಆದ್ದರಿಂದ ಕಾಲರು ಗದ್ದ ಮುಟ್ಟುವಷ್ಟು ಎತ್ತರವಿರಲಿ. ಸೆಕೆಯೆಂದು ಯೋಚಿಸಬೇಡ.

ಎಂದೂ ಕೈ ನಡುಗದ,
ನಿನ್ನ ಮಾವ