ನಿಮ್ಮ ಲಕ್ಷ್ಮಿಯ ಗುರುತು ಸಿಕ್ಕಿತು, ಅತ್ತೆ

ಅತ್ತೆ, ಅಲ್ಲಿ ನಿಮಗೆ ಚಾಳೀಸು ಸಿಕ್ಕಿದೆಯೋ ಇಲ್ಲವೋ. ಯಾರ ಕೈಲಾದರೂ ಓದಿಸಿಕೊಳ್ಳಿ. ಈ ಸುದ್ದಿ ನಿಮಗೆ ಮುಟ್ಟಲೇಬೇಕು.

ಕುಲಗೋಡದ ನಮ್ಮ ಹಿತ್ತಲಲ್ಲಿ ಬಚ್ಚಲ ನೀರಿಗೆ ಕಾಲುವೆ ತೋಡುವಾಗ, ಹಸಿರುಗಟ್ಟಿದ ದುಂಡನೆಯ ತುಣುಕೊಂದು ಸಿಕ್ಕಿದ್ದು ನೆನಪಿದೆಯೇ? ಸೋಡಾ ಬಾಟಲಿಯ ಮುಚ್ಚಳವೆಂದು ನಾನು ಬಿಸಾಡಲು ಕೈ ಎತ್ತಿದ್ದೆ. ನೀವು ಓಡಿಬಂದು ಕಸಿದುಕೊಂಡಿರಿ. "ಏ ಶಾಂತಾ, ಕಣ್ಣ ಅದಾವೊ ಇಲ್ಲೊ ನಿನಗ? ಲಕ್ಷ್ಮಿ ಬಂದಾಳ ಮನಿಗೆ!" ನನಗೆ ಕಂಡದ್ದು ನಾಲ್ಕು ಗೆರೆ, ಒಂದಿಷ್ಟು ಚುಕ್ಕಿ. ನಿಮಗೆ ಮೂಗುತಿಯೂ ಕಂಡಿತ್ತು!

ಆ ಶುಕ್ರವಾರದ ಪೂಜೆಗಳನ್ನು ಹೇಗೆ ಮರೆಯಲಿ? ಹುಣಸೆಹಣ್ಣು, ಉಪ್ಪು ಹಚ್ಚಿ ಅದನ್ನು ತಿಕ್ಕಿದ್ದೇ ತಿಕ್ಕಿದ್ದು. ಓಣಿಯ ಹೆಂಗಸರೆಲ್ಲ ಬಂದು ಕುಂಕುಮ ಏರಿಸುವರು. ಪಕ್ಕದ ಮನೆಯ ಗಂಗವ್ವ ಮಗಳಿಗೆ ವರ ಬೇಡಿಕೊಂಡಳು, ಸಿಕ್ಕೇಬಿಟ್ಟ. ಆಮೇಲೆ ನಿಮ್ಮನ್ನು ಹಿಡಿಯುವವರು ಯಾರು...

ನೀವು ಹೋದ ಮೇಲೆ ತಿಕ್ಕುವ ಪಾಳಿ ನನ್ನದಾಯಿತು. ಹೋದ ವರ್ಷ ಗಂಗವ್ವ ಅದೇ ಅಳಿಯನನ್ನು ಕರೆತಂದಳು. ಗೋಕಾಕದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ದೇವರ ಜಗಲಿಯ ಮುಂದೆ ಕೈಮುಗಿಯಲು ಬಗ್ಗಿದವನು ಬಗ್ಗಿಯೇ ನಿಂತ.

"ಕಾಕೂ, ಇದು ನಾಣ್ಯ ಐತ್ರಿ! ಸಾವಿರ ವರ್ಷದ್ದಿರಬೇಕು. ಬೆಳ್ಳಿ ಹೆಸರಿಗಷ್ಟ, ತಾಮ್ರನ ಜಾಸ್ತಿ. ಇದನ್ನ ಹಿಂಗ ತಿಕ್ಕಿದವ್ರು ಯಾರ್ರಿ?"

ನಾನು ಗೋಡೆಯ ಮೇಲಿನ ನಿಮ್ಮ ಫೋಟೊ ತೋರಿಸಿದೆ. ನನ್ನ ಪಾಳಿಯ ಮಾತೆತ್ತಲಿಲ್ಲ.

ಅದರಲ್ಲಿದ್ದದ್ದು ಯಾರೋ ರಾಜನ ಮುಖವಂತೆ. ಒಂದನ್ನು ನೋಡಿ ಇನ್ನೊಂದು ಅಚ್ಚು ಮಾಡುತ್ತ ಮಾಡುತ್ತ, ಮೂಗು ಗೆರೆಯಾಗಿ ಕಣ್ಣು ಚುಕ್ಕಿಯಾಯಿತಂತೆ. ಗುಜರಾತ, ಕೊಂಕಣದ ಕಡೆಯಿಂದ ವ್ಯಾಪಾರಿಗಳ ಕೈಯಲ್ಲಿ ಬಂದಿರಬಹುದಂತೆ.

"ಇದಕ್ಕ ಗಧೈಯಾ ಅಂತಾರ್ರಿ."

"ಹಂಗಂದ್ರ?"

ಅವನು ದನಿ ತಗ್ಗಿಸಿದ. "ಗಧಾ ಅಂದ್ರ ಹಿಂದಿಯೊಳಗ ಕತ್ತೆ ಅಲ್ಲೇನ್ರಿ... ಕತ್ತೆ ದುಡ್ಡು ಅಂತಾರ ಮಂದಿ."

ತಗ್ಗಿಸಿ ಏನು ಫಲ? ಗಂಗವ್ವನಿಗೆ ಕೇಳಿಸಿತ್ತು. "ಕತ್ತೆ ಆದ್ರ ಏನಾತು? ಇಂಥಾ ಅಳಿಯನ್ನ ಕೊಟ್ಟೈತಿ!"

ಅಳಿಯ ಮುಖ ಎಲ್ಲಿಡಬೇಕೆಂದು ತಿಳಿಯದೆ ನಾಣ್ಯವನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಕತ್ತೆಗೆ ಹೋಳಿಗೆಯ ಎಡೆ ಹಿಡಿದೆವಲ್ಲ, ಅತ್ತೆ! ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಗುತ್ತಲೇ, ನಿಮಗೆ ಹೇಳೋಣವೆಂದು ಅಡುಗೆಮನೆಯ ಕಡೆ ತಿರುಗಿದೆ. ತಿರುಗಿದ ಮೇಲೆ...

ಸರಕಾರಕ್ಕೆ ಒಪ್ಪಿಸಬೇಕು, ಇನ್ನಷ್ಟು ತಿಕ್ಕಿದರೆ ಇದ್ದ ಗೆರೆಯೂ ಹೋಗುತ್ತದೆ ಎಂದು ಹುಡುಗ ಹೇಳಿದ. ನಿಮ್ಮ ಮಗ ಸಿಡಿದರು. "ಅವ್ವನ ದೇವ್ರನ್ನ ಕೊಡಂಗಿಲ್ಲ!" ನನಗೂ ಕೊಡಲು ಮನಸ್ಸಿರಲಿಲ್ಲ. ಆದರೆ ಮನೆಯಲ್ಲಿಟ್ಟರೆ ಗಂಗವ್ವನ ಕೈ ತಿಕ್ಕದೆ ಸುಮ್ಮನಿರುತ್ತದೆಯೇ? ಕೊನೆಗೆ ಇಬ್ಬರೂ ಮೂಡಲಗಿಯ ತಹಶೀಲ್ದಾರ ಕಚೇರಿಗೆ ಹೋಗಿ ಒಪ್ಪಿಸಿ ಬಂದೆವು. ದಾರಿಯುದ್ದಕ್ಕೂ ನಿಮ್ಮ ಮಗ ಗೊಣಗುತ್ತಲೇ ಬಂದರು. ಮರುದಿನ ನೋಡಿದರೆ, ಹುಕ್ಕೇರಿಯ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಾರೆ: "ನಮ್ಮ ಅವ್ವ ಸಂಶೋಧನಿ ಮಾಡ್ಯಾಳ!"

ಈಗ ಅದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಬರುವ ವಾರ ನಿಮ್ಮ ಗೆಳತಿಯರನ್ನೆಲ್ಲ ಬಸ್ಸು ಹತ್ತಿಸಿ ಕರೆದೊಯ್ದು ತೋರಿಸುತ್ತೇನೆ, ಅತ್ತೆ. ಅಲ್ಲಿ ಕುಂಕುಮ ಹಚ್ಚಲು ಬಿಡುವುದಿಲ್ಲವೆಂದು ಗಂಗವ್ವನಿಗೆ ಮೊದಲೇ ಹೇಳಿದ್ದೇನೆ.

"ಗಾಜಿಗೆ ಹಚ್ಚತೇನಿ ತಗೋ," ಅಂದಳು.

ನಿಮ್ಮ ಸೊಸೆ,
ಶಾಂತಾ