ಅಕ್ಕನ ಬಾಯಲ್ಲಿ ಮಾಮಾನ ಹೆಸರು

ಗುರುವಾರ, ೧೪ ನವೆಂಬರ್ ೧೯೭೪. ಬಸವಕಲ್ಯಾಣ.

ಅಕ್ಕ ಇವತ್ತೂ ಗಂಡನ ಹೆಸರು ಹೇಳಲಿಲ್ಲ. ಅವಳನ್ನು ಕರೆಸಿಕೊಳ್ಳಲು ಅವಳ ಗಂಡ, ನಮ್ಮ ಮಾಮಾ, ಇಂಗ್ಲೆಂಡಿನಿಂದ ಸ್ಪಾನ್ಸರ್ ಕಾಗದ ಕಳಿಸಿದ್ದಾರೆ. ಶನಿವಾರ ಹುಮನಾಬಾದಿನಿಂದ ಬಸ್ಸು, ಸೋಮವಾರ ಮುಂಬಯಿಯ ವೀಸಾ ಕಚೇರಿಯಲ್ಲಿ ಇಂಟರ್‌ವ್ಯೂ. ಹೆಸರೇ ಹೇಳದವಳನ್ನು ಹೆಂಡತಿಯೆಂದು ಯಾವ ಸಾಹೇಬ ನಂಬುತ್ತಾನೆ?

ಕಾಲೇಜಿನಲ್ಲಿ ಫಸ್ಟ್ ಇಯರ್ ಓದುವವಳೆಂದು ಇಂಟರ್‌ವ್ಯೂ ತಾಲೀಮು ನನ್ನ ಪಾಲಿಗೆ. ಹಾಸ್ಟೆಲ್ ವಾರ್ಡನ್ನರ ದನಿ ತೆಗೆದು "ಹಸ್ಬೆಂಡ್ಸ್ ನೇಮ್?" ಎಂದೆ.

"ನಮ್ಮ ಮನಿಯವ್ರು."

"ಹೆಸರು, ಅಕ್ಕಾ!"

"ನಿನಗ ಗೊತ್ತದಲ್ಲ, ನೀನೇ ಬರಕೋ."

ಅವ್ವ ಒಲೆಯ ಮುಂದಿನಿಂದ, "ಲಗ್ನದಾಗ ಹೆಸರು ಕೂಡಿಸಿ ಒಡಪು ಹಾಕಿ ಹೇಳಿದ್ದಿಲ್ಲೇನು? ಹಂಗೇ ಹೇಳವಾ" ಎಂದಳು. ಅಕ್ಕ ಸೆರಗು ಸರಿಮಾಡಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಏಳು ಸಮುದ್ರ ದಾಟಿದ್ರೂ ಬಿಡಲಾರೆ ಸಾಥ,
ಅಂಗಿ ಗುಂಡಿ ಹಚ್ಚಾಕ ಬರದ ನನ್ನ ವೈಜಿನಾಥ."

ಅವ್ವ ನಕ್ಕಳು. ನಾನು ರೇಗಿದೆ. "ಅಲ್ಲೇನು ಲಗ್ನ ನಡದದೇನು? ಒಂದೇ ಶಬ್ದದಾಗ ಹೇಳಬೇಕು!"

ಅಕ್ಕನ ಮುಖ ಬಾಡಿತು. ಆಮೇಲೆ ಒಡಪೂ ಬಾಯಿಗೆ ಬರಲಿಲ್ಲ. ಬರಿಯ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾದೀತೆಂದು ಅವಳಿಗೆ ಭಯ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೂ ಒತ್ತಾಯ ಮಾಡಿ ಹೇಳಿಸಲು ಈಗ ಧೈರ್ಯ ಸಾಲದು. ಇಂಟರ್‌ವ್ಯೂಗೆ ನನ್ನನ್ನಂತೂ ಒಳಗೆ ಬಿಡುವುದಿಲ್ಲ. ಅಲ್ಲಿನ ದುಭಾಷಿಗೆ ಕನ್ನಡ ಬರುತ್ತದೋ ಇಲ್ಲವೋ.

ಈಗಷ್ಟೇ ಅಕ್ಕ ಹೊದ್ದ ಕೌದಿಯೊಳಗಿಂದ ಕೇಳಿದಳು. "ತಂಗೀ, ಒಡಪು ಸಣ್ಣದು ಮಾಡಿದ್ರ ನಡೀತದೇನು?"

"ನಡೀತದ" ಎಂದೆ. ನನಗೇನು ಗೊತ್ತು? ಅವಳು ಇನ್ನೂ ಪಿಸುಗುಟ್ಟುತ್ತಿದ್ದಾಳೆ. ಸಮುದ್ರ ಬಿಟ್ಟಳು, ಗುಂಡಿ ಬಿಡಲು ಒಲ್ಲಳು. ಸೋಮವಾರ ಆ ಸಾಹೇಬನಿಗೆ ಅದನ್ನು ಕೇಳುವಷ್ಟು ಪುರುಸೊತ್ತು ಇದ್ದರೆ ಸಾಕು.