ಬಾಗಿಲು ತೆರೆದು ಅಂಟು ಹಚ್ಚಿದ್ದು

ಗಾಡಿ ಸೀಟಿನ ಅಂಗಡಿಯ ಹಿಂದಿನ ಅಂಗಳ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಪ್ಪಾ,

ಉಸಿರು ಹೇಗಿದೆ? ಅತ್ತೆಯ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೀಯೋ, ಒಂದೇ ಸಲಕ್ಕೆ ಹತ್ತುತ್ತೀಯೋ? ನಿಜ ಬರೆ. "ಚೆನ್ನಾಗಿದ್ದೇನೆ, ಒಂದನೇ ತಾರೀಕಿನಿಂದ ಕೆಲಸಕ್ಕೆ ಬರುತ್ತೇನೆ" ಎಂದು ನೀನು ಬರೆದದ್ದನ್ನು ಮೂರು ಸಲ ಓದಿದೆ. ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದವನ್ನೂ ಎದ್ದು ಎದ್ದು ಬರೆಯುತ್ತಿದ್ದೇನೆ. ಅದಿರಲಿ, ಮೊದಲು ಅಂಗಡಿಯ ಸುದ್ದಿ.

ಶಾಲೆ ಮಕ್ಕಳ ವ್ಯಾನು ಬಂದಿತ್ತು. ಒಳಚಾವಣಿಯ ಬಟ್ಟೆ ಪೂರ್ತಿ ಬಿಟ್ಟುಕೊಂಡು ಜೋತುಬಿದ್ದಿತ್ತು. "ತಲೆ ಮೇಲೆ ಸೊಳ್ಳೆಪರದೆ ಕಟ್ಕೊಂಡು ಗಾಡಿ ಓಡಿಸ್ತಾ ಇದೀನಿ ಕಣಮ್ಮಾ. ಕನ್ನಡೀಲಿ ಹಿಂದಿನ ರಸ್ತೆ ಕಾಣಲ್ಲ, ಬಟ್ಟೆ ಹೊಟ್ಟೆ ಕಾಣುತ್ತೆ" ಎಂದ ಡ್ರೈವರ್. ದೀಪ, ಹಿಡಿಕೆ ಎಲ್ಲ ಬಿಚ್ಚಿ ಚಾವಣಿಯ ಹಲಗೆಯನ್ನು ಹೊರತೆಗೆದೆವು. ಹಳೆಯ ಬಟ್ಟೆ ಎಳೆದರೆ ಸಲೀಸಾಗಿ ಬಂತು. ಅದರ ಹಿಂದಿನ ಸ್ಪಂಜು ಮಾತ್ರ ಪುಡಿಪುಡಿಯಾಗಿ ಹಲಗೆಗೇ ಅಂಟಿತ್ತು. ನೀನು ಹೇಳಿಕೊಟ್ಟ ಹಾಗೆ, ಅಂಗೈ ಆಡಿಸಿದರೆ ಏನೂ ಹತ್ತದಿರುವವರೆಗೆ ಬ್ರಷ್ಷಿನಲ್ಲಿ ಉಜ್ಜಿದೆ.

ಅಂಟಿನ ಡಬ್ಬಿ ತೆರೆಯುವ ಹೊತ್ತಿಗೆ ಚಿಕ್ಕಪ್ಪ ಎಂದಿನಂತೆ ಅಂಗಡಿಯ ಹಿಂಬಾಗಿಲು ಹಾಕಿದರು. ಅಂಟಿನ ಘಾಟು ಹೊರಗೆ ಹೋಗಲಿ ಎಂದು ನಾನು ತೆರೆದೆ. ಅವರು ಹಾಕಿದರು. ಮತ್ತೆ ತೆರೆದೆ. "ಧೂಳು ಕೂರುತ್ತೆ ಕಣೇ, ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿರೋದು!" "ಆ ಇಪ್ಪತ್ತು ವರ್ಷ ಅಪ್ಪನ ಎದೆಯೊಳಗೆ ಕೂತಿದೆಯಲ್ಲ, ಅದನ್ನು ಯಾವ ಬ್ರಷ್ಷಿನಲ್ಲಿ ಉಜ್ಜುತ್ತೀರಿ?" ಎಂದೆ. ಕೆಲಸಗಾರರ ಆರೋಗ್ಯದ ಕಿರುಪುಸ್ತಕ ತೆಗೆದು ಏಳನೇ ಪುಟವನ್ನು ನಿಂತಲ್ಲೇ ಓದಿದೆ: ಕೆಲಸದ ಜಾಗದಲ್ಲಿ ಗಾಳಿ ಯಜಮಾನನ ಕೃಪೆಯಲ್ಲ, ಕೆಲಸಗಾರನ ಹಕ್ಕು. "ಯಜಮಾನ ಯಾರೇ? ನಾನಾ? ನಿನ್ನ ಚಡ್ಡಿ ತೊಳೆದವನು ಕಣೇ ನಾನು!" ಎಂದು ಕೂಗಿ, ಬಾಗಿಲನ್ನು ನನಗೇ ಬಿಟ್ಟು ಹೋದರು.

ಗೆದ್ದೆ ಅಂದುಕೊಂಡೆ. ಹಲಗೆಗೂ ಬಟ್ಟೆಗೂ ಅಂಟು ಹೊಡೆದು, ಬೆರಳಿಗೆ ಹತ್ತದಷ್ಟು ಆರಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಬಡಗಿ ಗರಗಸ ಶುರುಮಾಡಿದ. ಒಂದೇ ಒಂದು ಸಲ ಗಾಳಿ ಬೀಸಿತು. ಬಟ್ಟೆ ಒತ್ತಿದ ಮೇಲೆ ಗೊತ್ತಾಯಿತು, ಅಡಿಯಲ್ಲೆಲ್ಲ ಮರದ ಹೊಟ್ಟು! ಚಿಕ್ಕಪ್ಪ ಬಂದು ಕೈಯಾಡಿಸಿ, "ಇದು ಚಾವಣಿಯೋ ಹಾಗಲಕಾಯಿಯೋ?" ಎಂದರು. ಬಾಗಿಲು ತೆರೆದದ್ದು ತಪ್ಪು ಎಂದು ಈಗಲೂ ಒಪ್ಪುವುದಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡದೆ ತೆರೆದದ್ದು ತಪ್ಪು. ಅದು ಏಳನೇ ಪುಟದಲ್ಲಿರಲಿಲ್ಲ.

ಎಲ್ಲ ಕಿತ್ತು ಮತ್ತೆ ಉಜ್ಜಿದೆ. ಮರುದಿನ ಬಡಗಿ ಬರುವ ಮೊದಲೇ, ಗಾಳಿ ಏಳದ ಹೊತ್ತಿನಲ್ಲಿ, ಹಲಗೆಯನ್ನು ಅಂಗಳಕ್ಕೆ ತಂದು ಬಯಲಲ್ಲೇ ಅಂಟು ಹಚ್ಚಿದೆ. ಹೊಸ ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಬಂದೆ. ಒಂದು ಸುಕ್ಕಿಲ್ಲ ಅಪ್ಪಾ. ಚಿಕ್ಕಪ್ಪ ತುಂಬ ಹೊತ್ತು ನೋಡಿ, "ಥೇಟ್ ನಮ್ಮಣ್ಣನ ಕೈ" ಎಂದವರು, ಮುಖ ತಿರುಗಿಸಿಕೊಂಡು ಒಳಗೆ ಹೋದರು. ಇನ್ನು ಮೇಲೆ ಅಂಟಿನ ಕೆಲಸವೆಲ್ಲ ಅಂಗಳದಲ್ಲೇ ಎಂದು ಒಪ್ಪಿದ್ದಾರೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಅವರ ಜೊತೆ ಜಗಳವಾಡದೆ ಮಾತ್ರೆ ನುಂಗು. ಅಮ್ಮ ನಿನಗೆ ಸ್ವೆಟರ್ ಕಳಿಸುತ್ತಿದ್ದಾಳೆ.

ಸುಮ್ಮನಿರಲು ಬಾರದ
ನಿನ್ನ ಮಗಳು

ತಾ.ಕ.: ಡಾಕ್ಟರ ಪತ್ರ ಶುಕ್ರವಾರ ಅಂಗಡಿಯ ವಿಳಾಸಕ್ಕೆ ಬಂತು, ನಿನ್ನ ಹೆಸರಿಗೆ. ಚಿಕ್ಕಪ್ಪ ಒಡೆದು ಓದಿದರು, ನಾನೂ ಓದಿದೆ. "ಅಣ್ಣ ಅಲ್ಲಿ ನಾಲ್ಕು ದಿನ ನೆಮ್ಮದಿಯಾಗಿರಲಿ, ನೀನು ಬಾಯಿ ಬಿಡಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಆ ಮಾತು ಮುರಿಯುತ್ತಿದ್ದೇನೆ. ಬಾಗಿಲು ತೆರೆದಿರಲಿ, ಬಯಲೇ ಇರಲಿ, ನೀನು ಇನ್ನೆಂದೂ ಅಂಟಿನ ಹತ್ತಿರ ಹೋಗಬಾರದಂತೆ. ನಿನ್ನ ಎದೆಯ ಸುದ್ದಿ ನಿನಗೊಬ್ಬನಿಗೇ ಗೊತ್ತಿಲ್ಲದಿರುವುದು ಅನ್ಯಾಯ. ಸೀಟು ಹೊಲಿಯುವ ಯಂತ್ರವನ್ನು ನಿನಗಾಗಿ, ಅಂಟಿನ ಅಂಗಳದಿಂದ ದೂರ, ರಸ್ತೆ ಕಡೆಯ ಕೋಣೆಗೆ ಸಾಗಿಸಬೇಕೆಂದಿದ್ದೇನೆ. ಆದರೆ ನಿನ್ನನ್ನು ಕೇಳದೆ ಜರುಗಿಸುವುದಿಲ್ಲ. ಬಸ್ಸು ಹತ್ತುವ ಮೊದಲು ನನಗೆ ಬರೆ. ಬೈದಾದರೂ ಸರಿ, ಬರೆ.